ಮಣ್ಣು ಪರೀಕ್ಷೆಯಂತೆ ಮೈ ಪರೀಕ್ಷೆಯೂ ಬೇಕು



ಬಿತ್ತನೆಗೆ ಮುಂಚೆ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸಿರೆಂದು ಊರೂರಿಗೆ ಹೇಳಿಕೊಂಡು ಬರುವುದು ನನ್ನ ಕೆಲಸ. ನಿಮ್ಮಲ್ಲಿ ಅನೇಕರು ಮಾಡಿಸಿದ್ದೀರಿ. ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗುತ್ತೀರಿ. ಆದರೆ ನಲವತ್ತೈದು ದಾಟಿದ ಯಜಮಾನರನ್ನು, "ನಿಮ್ಮ ಮೈಯನ್ನು ಯಾರಿಗಾದರೂ ತೋರಿಸಿದ್ದೀರಾ?" ಎಂದು ಕೇಳಿದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ" ಎಂಬ ಉತ್ತರ ಬರುತ್ತದೆ.

ನನ್ನ ತಂದೆಯವರೂ ಹೀಗೆಯೇ ಹೇಳುತ್ತಿದ್ದರು. ರಕ್ತದೊತ್ತಡ ಹೆಚ್ಚಿದೆಯೆಂದು ವೈದ್ಯರು ಮಾತ್ರೆ ಕೊಟ್ಟರು. ಮೂರು ತಿಂಗಳು ನುಂಗಿದರು. ತಲೆನೋವಿಲ್ಲ, ಸುಸ್ತಿಲ್ಲ, ಇನ್ನು ಮಾತ್ರೆ ಏಕೆಂದು ಬಿಟ್ಟರು. ನಾನೂ ವಿಚಾರಿಸಲಿಲ್ಲ. ಮರುವರ್ಷ ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಕುಸಿದರು. ಲಕ್ವ ಹೊಡೆದಿತ್ತು. ಆಗ ಅವರ ವಯಸ್ಸು ೫೬. ಜೀವ ಉಳಿಯಿತು, ಆದರೆ ಬಲಗೈ ಇಂದಿಗೂ ಕುಡುಗೋಲು ಹಿಡಿಯುವುದಿಲ್ಲ. ನಾನು ಓದಿದ್ದು ಕೃಷಿ ಡಿಪ್ಲೊಮಾ, ವೈದ್ಯನಲ್ಲ. ಈ ಪೆಟ್ಟು ತಿಂದ ಮೇಲೆ ವೈದ್ಯರಿಂದ ಕೇಳಿ ತಿಳಿದುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನೋವು ಕೊಡದ ರೋಗಗಳು

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಬೇರುಹುಳುವಿನಂತೆ. ಪೈರು ಮೇಲೆ ಹಸುರಾಗಿಯೇ ಇರುತ್ತದೆ. ಬಾಡುವ ಹೊತ್ತಿಗೆ ಬೇರು ಹೋಗಿರುತ್ತದೆ. ಒತ್ತಡವನ್ನು ಅಳೆದಾಗ ಮತ್ತೆ ಮತ್ತೆ ೧೪೦/೯೦ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಅದು ರೋಗ. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ೧೨೬ ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಸಕ್ಕರೆ ಕಾಯಿಲೆ. ಗಮನಿಸದೆ ಬಿಟ್ಟರೆ ಇವು ಹೃದಯ, ಮೆದುಳು, ಮೂತ್ರಪಿಂಡ, ಕಣ್ಣು ಇವುಗಳನ್ನು ಕೆಡಿಸುತ್ತವೆ. ಮಾತ್ರೆಯಿಂದ ಇವು ಹತೋಟಿಯಲ್ಲಿರುತ್ತವೆ. ಮೈ ಹಗುರವಾಗಿದೆಯೆಂದು ಮಾತ್ರೆ ಬಿಡುವುದು, ನೀರು ನಿಂತಿದೆಯೆಂದು ಕೆರೆಯ ಏರಿಯನ್ನೇ ಕಡಿದಂತೆ.

ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬಾರದು. ಪಾದದ ಸ್ಪರ್ಶಜ್ಞಾನ ಕುಗ್ಗಿರುವುದರಿಂದ ಮುಳ್ಳು ಚುಚ್ಚಿದ್ದೂ ತಿಳಿಯದೆ, ಹುಣ್ಣಾಗಿ, ಕಾಲು ತೆಗೆಯುವ ಸ್ಥಿತಿ ಬರಬಹುದು. ದಿನವೂ ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ.

ಹೇಳಲು ನಾಚುವ ತೊಂದರೆ

ಗಂಡಸರ ಮೂತ್ರಕೋಶದ ಕೆಳಗೆ ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿ ಇದೆ. ಮೂತ್ರದ ನಾಳ ಇದರ ನಡುವಿನಿಂದಲೇ ಬರುತ್ತದೆ. ಐವತ್ತು ದಾಟಿದ ಮೇಲೆ ಈ ಗ್ರಂಥಿ ದಪ್ಪವಾಗುವುದು ಬಹಳ ಮಂದಿಯಲ್ಲಿ ಸಾಮಾನ್ಯ. ತೂಬನ್ನು ಸುತ್ತಿದ ಬೇರು ದಪ್ಪವಾದರೆ ನೀರು ಸಣ್ಣಗೆ ಹರಿಯುವುದಿಲ್ಲವೆ? ಹಾಗೆಯೇ ಇಲ್ಲಿಯೂ ಧಾರೆ ಸಣ್ಣದಾಗುತ್ತದೆ, ತಿಣುಕಬೇಕಾಗುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಇದು ಹೆಚ್ಚಿನವರಲ್ಲಿ ಕ್ಯಾನ್ಸರ್ ಅಲ್ಲ. ಮಾತ್ರೆಯಿಂದಲೇ ಅನೇಕರಿಗೆ ಗುಣ ಸಿಗುತ್ತದೆ. ಆದರೆ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಮೂತ್ರ ಪೂರ್ಣ ಕಟ್ಟಿಹೋದರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ತೊಂದರೆಗೆ ಹೆದರಿ ಹಗಲು ನೀರು ಕುಡಿಯುವುದನ್ನು ಬಿಡುವುದು ಬಿಸಿಲಲ್ಲಿ ದುಡಿಯುವವನಿಗೆ ಒಳ್ಳೆಯದಲ್ಲ.

ಬಾಯಿಯನ್ನೂ ನೋಡಿಕೊಳ್ಳಿ

ಹೊಗೆಸೊಪ್ಪು, ಬೀಡಿ, ಗುಟ್ಕಾ ಇವು ಬಾಯಿಯ ಕ್ಯಾನ್ಸರಿಗೆ ದಾರಿ. ಅಡಿಕೆ ನಮ್ಮ ನಾಡಿನ ಬೆಳೆ. ಆದರೂ ನಿಜ ಹೇಳಲೇಬೇಕು. ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ಣ ತೆರೆಯಲಾಗದಿರುವುದು ಇವುಗಳಲ್ಲಿ ಒಂದು ಕಂಡರೂ ತೋರಿಸಿರಿ. ಮೊದಲೇ ಕಂಡರೆ ಗುಣವಾಗುವ ಸಂಭವ ಹೆಚ್ಚು.

ಗಂಟೆಗಳ ಲೆಕ್ಕ

ಎದೆಯ ಮೇಲೆ ಭಾರ ಇಟ್ಟಂತೆ ನೋವು, ಎಡಗೈಗೋ ದವಡೆಗೋ ಹರಿಯುವ ಸೆಳೆತ, ತಣ್ಣನೆಯ ಬೆವರು ಬಂದರೆ ವಾಯುವೆಂದು ಸೋಡಾ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದೆ ಬರೇ ಏದುಸಿರಿನಿಂದಲೂ ಹೃದಯಾಘಾತ ಆಗಬಹುದು. ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಲಕ್ವದ ಗುರುತು. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದುದರಿಂದ ನಾಟಿ ಔಷಧಿ, ತೈಲ ಎಂದು ಹೊತ್ತು ಕಳೆಯದೆ ೧೦೮ಕ್ಕೆ ಫೋನ್ ಮಾಡಿರಿ. ನನ್ನ ತಂದೆಯವರನ್ನು ಮೊದಲು ಎಣ್ಣೆ ತಿಕ್ಕುವವರಲ್ಲಿಗೆ ಒಯ್ದೆವು. ಆ ಹೊತ್ತು ಮತ್ತೆ ಬರಲಿಲ್ಲ.

ಮಾಡತಕ್ಕ ಕೆಲಸ

೧. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಬಾಯಿ ಇವನ್ನು ಪರೀಕ್ಷೆ ಮಾಡಿಸಿ. ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯುವ ಉಪಕೇಂದ್ರದಲ್ಲಿ ೩೦ ವರ್ಷ ದಾಟಿದವರಿಗೆ ಈ ಪರೀಕ್ಷೆ ಉಚಿತ. ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ.

೨. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

೩. ದಿನಕ್ಕೆ ಎಲ್ಲ ಸೇರಿ ಉಪ್ಪು ಒಂದು ಸಣ್ಣ ಚಮಚ, ಅಂದರೆ ೫ ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

೪. ರಾಗಿ ಮುದ್ದೆ ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆಯವರು ಅದರ ಗಾತ್ರ ಕಡಿಮೆ ಮಾಡಿ, ಸೊಪ್ಪು, ಕಾಳು ಹೆಚ್ಚಿಸಬೇಕು.

೫. ಬೀಡಿ, ಹೊಗೆಸೊಪ್ಪು, ಸಾರಾಯಿ ಬಿಡಿ.

ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬೆಳೆಯಬಹುದು. ಯಜಮಾನನ ಕೈ ಹೋದರೆ ಮನೆಯ ನೊಗವೆಲ್ಲ ಹೆಂಡತಿ, ಮಕ್ಕಳ ಹೆಗಲಿಗೆ ಬೀಳುತ್ತದೆ. ಈ ಸುಗ್ಗಿ ಮುಗಿದೊಡನೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಒಬ್ಬರೇ ಹೋಗಲು ಸಂಕೋಚವಾದರೆ ನಾಲ್ಕು ಮಂದಿ ಕೂಡಿ ಹೊರಡಿ. ಕರೆದರೆ ನಾನೂ ಜೊತೆಗೆ ಬರುತ್ತೇನೆ.

— ನಿಮ್ಮ ಗ್ರಾಮಸೇವಕ