ಉಣ್ಣಿ ಇರುವುದು ನಾಯಿಯ ಮೈಮೇಲಷ್ಟೇ ಅಲ್ಲ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು. ಹಣ್ಣು ಕಣಕ್ಕೆ ಬಿದ್ದ ದಿನದಿಂದ ಮನೆಯ ನಾಯಿಗೂ ಕಾವಲಿನ ಕೆಲಸ. ಸ್ಟೋರಿನ ಗೋಡೆಯ ಪಕ್ಕ ಸರಪಳಿಯಲ್ಲಿ ಕಟ್ಟಿದರೆ, ಕಾಫಿ ಒಣಗಿ, ಕರಿಮೆಣಸೂ ಒಣಗಿ ಚೀಲ ಸೇರುವವರೆಗೆ ಅದು ಮಲಗುವುದು ಅಲ್ಲೇ: ಅದೇ ಗೋಣಿಚೀಲ, ಅದೇ ಮೂಲೆ. ಮಾರ್ಚಿನಲ್ಲಿ ಎಲ್ಲರೂ ಹೂಮಳೆಗೆ ಆಕಾಶ ನೋಡುತ್ತಿರುವಾಗ ನಾಯಿ ಅನ್ನ ಮುಟ್ಟುತ್ತಿಲ್ಲ ಎಂಬುದು ಯಾರದೋ ಗಮನಕ್ಕೆ ಬರುತ್ತದೆ. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಉಣ್ಣಿ.

ಕಿತ್ತು ಹಾಕುತ್ತೇವೆ, ಸ್ನಾನ ಮಾಡಿಸುತ್ತೇವೆ, ಪೌಡರ್ ಹಚ್ಚುತ್ತೇವೆ. ಕೆಲವು ವಾರದಲ್ಲಿ ಮತ್ತೆ ಅಷ್ಟೇ ಉಣ್ಣಿ. ಔಷಧ ಕಳಪೆ ಎಂದು ಬೈಯುವ ಮುಂಚೆ ಉಣ್ಣಿಯ ಬದುಕನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಾಯಿಯ ಮೈಮೇಲೆ ಕಾಣುವುದು ಆ ಜಾಗದಲ್ಲಿರುವ ಉಣ್ಣಿಗಳಲ್ಲಿ ಸಣ್ಣದೊಂದು ಪಾಲು. ಉಳಿದವೆಲ್ಲ ಗೋಡೆಯ ಬಿರುಕಿನಲ್ಲಿ, ನೆಲದ ಸಂದಿನಲ್ಲಿ, ಗೋಣಿಯ ಮಡಿಕೆಯಲ್ಲಿ ಕಾದು ಕೂತಿರುತ್ತವೆ.

ಉಣ್ಣಿ ಕೀಟವಲ್ಲ, ಜೇಡ ಮತ್ತು ಚೇಳಿನ ಬಳಗಕ್ಕೆ ಸೇರಿದ ಜೀವಿ. ಬೆಳೆದ ಉಣ್ಣಿಗೆ ಎಂಟು ಕಾಲು. ಮೊಟ್ಟೆಯೊಡೆದು ಬಂದ ಮರಿಗೆ ಆರೇ. ಮನೆಯೊಳಗೂ ಸಂಸಾರ ಹೂಡಬಲ್ಲ ಜಾತಿಯೆಂದರೆ ಕಂದು ನಾಯಿ ಉಣ್ಣಿ, ವಿಜ್ಞಾನಿಗಳು ರೈಪಿಸೆಫಲಸ್ ಸಾಂಗ್ವಿನಿಯಸ್ ಎನ್ನುವ ಜೀವಿ. ಇದರ ಹೆಣ್ಣಿಗೆ ಜೀವಮಾನದಲ್ಲಿ ಮೂರೇ ದೊಡ್ಡ ಊಟ. ಮರಿಯಾಗಿದ್ದಾಗ ನಾಯಿಯ ಮೈ ಹತ್ತಿ ಕೆಲವು ದಿನ ರಕ್ತ ಹೀರಿ ಕೆಳಗೆ ಬೀಳುತ್ತದೆ. ಸಂದಿಯಲ್ಲಿ ಅಡಗಿ ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣ್ಣಿಯಾಗಿ ಮತ್ತೆ ನಾಯಿಯನ್ನು ಹುಡುಕುತ್ತದೆ. ಎರಡನೆಯ ಊಟದ ನಂತರವೂ ಹಾಗೇ. ಬೆಳೆದ ಮೇಲಿನ ಕೊನೆಯ ಊಟದಲ್ಲಿ ಹೆಣ್ಣು ತನ್ನ ತೂಕದ ನೂರು ಪಟ್ಟಿನವರೆಗೆ ಉಬ್ಬುತ್ತದೆ. ನಾವು ಕಿತ್ತು ತೆಗೆಯುವ ಬೂದು ಬಣ್ಣದ, ಹರಳು ಬೀಜದಂಥ ಉಣ್ಣಿ ಅದೇ. ಮೂರೂ ಊಟ ಸೇರಿದರೆ ನಾಯಿಯ ಮೇಲೆ ಅದು ಕಳೆಯುವುದು ಎರಡು ಮೂರು ವಾರ. ಉಳಿದ ತಿಂಗಳುಗಳೆಲ್ಲ ನಾಯಿಯಿಂದ ಹೊರಗೆ. ಊಟ ಸಿಗದಿದ್ದರೂ ಬೆಳೆದ ಉಣ್ಣಿ ಹಲವು ತಿಂಗಳು ಬದುಕಬಲ್ಲದು.

ಹೊಟ್ಟೆ ತುಂಬಿ ಉದುರಿದ ಹೆಣ್ಣು ಸಾಮಾನ್ಯವಾಗಿ ಮೇಲಕ್ಕೆ ಹತ್ತುತ್ತದೆ. ನಾಯಿಗೂಡಿನ ಮರದ ಸಂದು, ಗಾರೆ ಉದುರಿದ ಗೋಡೆ, ಸೂರಿನ ಕೆಳಗಿನ ಬಿರುಕು, ಹೀಗೆ ಮರೆಯಿರುವ ಕತ್ತಲ ಜಾಗ ಹುಡುಕಿ 1,000ದಿಂದ 4,000ದವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಮಡಿಕೇರಿ, ನಾಪೋಕ್ಲು ಕಡೆಯ ಹಳೆಯ ಗೋಡೆಗಳಲ್ಲಿ ಇಂಥ ಜಾಗಕ್ಕೆ ಬರವಿಲ್ಲ. ಹೊರಗೆ ಎಂಥ ಮಳೆ ಹೊಯ್ದರೂ ಸೂರಿನಡಿಯ ಬಿರುಕು ನೆನೆಯುವುದಿಲ್ಲ. ಮೊಟ್ಟೆಯೊಡೆದ ಮರಿಗಳು ದೂರ ಅಲೆಯಬೇಕಾಗಿಯೂ ಇಲ್ಲ. ಮುಂಗಾಲಿನ ತುದಿಯಲ್ಲಿರುವ ಒಂದು ಸೂಕ್ಷ್ಮ ಅಂಗ ನಾಯಿಯ ಉಸಿರಿನ ಇಂಗಾಲದ ಡೈಆಕ್ಸೈಡನ್ನು, ಮೈಯ ವಾಸನೆ ಮತ್ತು ಬಿಸಿಯನ್ನು ಗುರುತಿಸುತ್ತದೆ. ದಿನವೂ ಒಂದೇ ಮೂಲೆಯಲ್ಲಿ ಕಟ್ಟಿಹಾಕಿದ ನಾಯಿ ಅವಕ್ಕೆ ಸುಲಭದ ತುತ್ತು. ಓಡಾಡುವ ನಾಯಿಗಾದರೂ ಜಾಗ ಬದಲಿಸುವ ಅವಕಾಶವಿದೆ, ಸರಪಳಿಯ ನಾಯಿಗೆ ಅದೂ ಇಲ್ಲ.

ಉಣ್ಣಿ ಸೂಜಿಯಂತೆ ಚುಚ್ಚಿ ಹಾರಿಹೋಗುವುದಿಲ್ಲ. ಚರ್ಮವನ್ನು ಕೊಯ್ದು, ಮುಳ್ಳುಗಳಿರುವ ಬಾಯಿಯನ್ನು ಒಳಗೆ ಇಳಿಸಿ, ಸಿಮೆಂಟಿನಂತೆ ಗಟ್ಟಿಯಾಗುವ ರಸ ಸುರಿಸಿ ಅಂಟಿಕೊಳ್ಳುತ್ತದೆ. ನೋವು ಗೊತ್ತಾಗದಂತೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪದಾರ್ಥಗಳೂ ಜೊಲ್ಲಿನಲ್ಲಿವೆ. ಹೆಚ್ಚಿನ ರೋಗಗಳು ದಾಟುವುದು ಈ ಜೊಲ್ಲಿನ ಮೂಲಕವೇ.

‘ಟಿಕ್ ಫೀವರ್’ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ರೋಗ ಒಂದಲ್ಲ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಬಿಳಿ ರಕ್ತಕಣದೊಳಗೆ ಬೆಳೆಯುತ್ತದೆ. ಬೆಬೀಸಿಯಾ ಎಂಬ ಏಕಕೋಶ ಜೀವಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆಗ ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕರಿಕಾಫಿಯ ಬಣ್ಣಕ್ಕೆ ತಿರುಗಬಹುದು. ಹೆಪಟೋಝೂನ್ ಎಂಬ ಇನ್ನೊಂದು ಬರುವುದು ಉಣ್ಣಿ ಕಚ್ಚಿ ಅಲ್ಲ, ನಾಯಿ ಮೈ ಕಚ್ಚಿಕೊಳ್ಳುವಾಗ ಉಣ್ಣಿಯನ್ನೇ ನುಂಗಿ.

ಇವುಗಳಲ್ಲಿ ಎರ್ಲಿಕಿಯಾ ತುಂಬ ಮೋಸದ್ದು. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಯ ನಾಯಿಗಳು ಮೂಗಿನಿಂದ ರಕ್ತ ಸೋರಿ ನೂರಾರು ಸಂಖ್ಯೆಯಲ್ಲಿ ಸತ್ತಾಗ ಜಗತ್ತು ಇದರತ್ತ ತಿರುಗಿ ನೋಡಿತು. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ, ಸುಸ್ತು, ಊಟ ಬೇಡ ಎನ್ನುವುದು ಶುರುವಾಗುತ್ತದೆ. ಎಷ್ಟೋ ನಾಯಿಗಳಲ್ಲಿ ಚಿಕಿತ್ಸೆಯಿಲ್ಲದೆಯೂ ಇವು ಇಳಿಯುತ್ತವೆ. ‘ಎರಡು ದಿನ ಮಂಕಾಗಿತ್ತು, ಈಗ ಸರಿಯಾಯಿತು’ ಎಂದು ನಾವು ನಿರಾಳವಾಗುತ್ತೇವೆ. ಒಳಗೆ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ರಕ್ತ ತಯಾರಾಗುವ ಅಸ್ಥಿಮಜ್ಜೆಯನ್ನೇ ಕೆಡಿಸಬಲ್ಲದು. ತೋಟದ ಮನೆಗಳಲ್ಲಿ ಇಷ್ಟಪಟ್ಟು ಸಾಕುವ ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಇನ್ನೂ ಉಗ್ರ. ಮೊದಲ ಹಂತದಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಡಾಕ್ಸಿಸೈಕ್ಲಿನ್ ಚಿಕಿತ್ಸೆಯಿಂದ ಹೆಚ್ಚಿನ ನಾಯಿಗಳು ಬದುಕುತ್ತವೆ. ಪಶುವೈದ್ಯರು ಸುಮಾರು ನಾಲ್ಕು ವಾರದ ಕೋರ್ಸ್ ಬರೆದುಕೊಟ್ಟರೆ, ನಾಯಿ ಚುರುಕಾಯಿತೆಂದು ವಾರಕ್ಕೇ ಮಾತ್ರೆ ನಿಲ್ಲಿಸಬಾರದು.

ಆದ್ದರಿಂದ ಸಂಜೆ ಅನ್ನ ಹಾಕುವಾಗ ಐದು ನಿಮಿಷ ಮೈ ತಡವಿ ನೋಡಿ. ಕಿವಿಯೊಳಗೆ, ಬೆಲ್ಟಿನ ಕೆಳಗೆ, ಬೆರಳ ಸಂದಿಯಲ್ಲಿ, ತೊಡೆಸಂದಿನಲ್ಲಿ, ಬಾಲದ ಬುಡದಲ್ಲಿ ನೋಡಬೇಕು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಮರಳಬೇಕು. ಉಣ್ಣಿ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆಯೇ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆಯಿರಿ. ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಸೀಮೆಎಣ್ಣೆ ಸುರಿಯುವುದು, ಬೀಡಿಯ ಕೆಂಡ ತಾಗಿಸುವುದು, ಉಗುರಲ್ಲಿ ಚಿವುಟುವುದು ಬೇಡ.

ಈಗ ಬರುವ ಮಾತ್ರೆಗಳು, ಬೆನ್ನಿಗೆ ಬಿಡುವ ಹನಿ ಔಷಧಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಮಾತ್ರೆಯ ಔಷಧ ರಕ್ತದಲ್ಲಿದ್ದು, ಕಚ್ಚಿದ ಉಣ್ಣಿಯ ನರವನ್ನು ಕೆಡಿಸಿ ಕೊಲ್ಲುತ್ತದೆ. ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳು ಕಾಯುತ್ತವೆ. ಫಿಟ್ಸ್ ಬಂದಿದ್ದ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸ್ಟೋರಿನಲ್ಲಿರುವ ತೋಟದ ಕೀಟನಾಶಕವನ್ನು ಮಾತ್ರ ಯಾವ ಕಾರಣಕ್ಕೂ ನಾಯಿಗೆ ಹಚ್ಚಬೇಡಿ. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಸುರಿದು, ನಡುಗಿ, ಪ್ರಾಣವೇ ಹೋಗಬಹುದು.

ಬೆಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವ ಅಭ್ಯಾಸದಿಂದ ಬೆಕ್ಕಿಗೆ ಉಣ್ಣಿ ಕಡಿಮೆ. ಆದರೆ ನಾಯಿಗಳ ಕೆಲವು ಹನಿ ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಔಷಧ ಹಚ್ಚಿದ ನಾಯಿಯನ್ನು ಒತ್ತಿಕೊಂಡು ಬೆಕ್ಕು ಮಲಗದಂತೆಯೂ ನೋಡಿಕೊಳ್ಳಬೇಕು. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಕಾಡಂಚಿನ ಮನೆಗಳಿಗೆ ಇನ್ನೊಂದು ಮಾತು. ಪೊದೆಗಳಲ್ಲಿರುವ ಉಣ್ಣಿಗಳ ಜಾತಿಯೇ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಇಂಥ ಕಾಡು ಉಣ್ಣಿ. 2012ರಲ್ಲಿ ಆ ಕಾಯಿಲೆ ಬಂಡೀಪುರದಲ್ಲಿ ಕಾಣಿಸಿತು, ನಂತರ ಕೊಡಗಿನ ಗಡಿಗೆ ತಾಗಿದ ವಯನಾಡಿನಲ್ಲಿ. ಕಾಡು ಸುತ್ತಿ ಬಂದ ನಾಯಿ ಉಣ್ಣಿಯನ್ನು ಜಗಲಿಯವರೆಗೆ ಹೊತ್ತು ತರಬಲ್ಲದು. ನಾಯಿಯ ಮೈ ನೋಡುವುದು ನಮ್ಮ ಮಕ್ಕಳ ಆರೋಗ್ಯಕ್ಕೂ ಬೇಕಾದ ಕೆಲಸ.

ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಯಾವ ಬೆಳೆಗಾರನೂ ಮರೆಯುವುದಿಲ್ಲ. ನಾಯಿಗೂ ಅಂಥದೊಂದು ಕಾಲ ಗೊತ್ತುಮಾಡಿಕೊಳ್ಳೋಣ. ನವೆಂಬರಿನಲ್ಲಿ ಕೊಯ್ಲಿಗೆಂದು ಕಣ ಸರಿಮಾಡುವಾಗಲೇ ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಹಳೆಯ ಗೋಣಿ ಸುಟ್ಟು ಹೊಸದು ಹಾಸಿ, ಸುತ್ತಲಿನ ಕಳೆ ಸವರಿಸಿ. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ಔಷಧವನ್ನು ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಿ. ಕಾರ್ಮಿಕರ ಲೈನ್ ಮನೆಗಳ ನಾಯಿಗಳಿಗೂ ಅದೇ ವಾರ ಔಷಧ ಕೊಡಿಸಿ. ಒಂದು ನಾಯಿ ಬಿಟ್ಟುಹೋದರೂ ಉಣ್ಣಿಯ ಸಂತತಿ ಉಳಿಯುತ್ತದೆ. ಆ ಖರ್ಚನ್ನು ತೋಟದ ಲೆಕ್ಕದಲ್ಲೇ ಬರೆಯುವುದು ನ್ಯಾಯ, ಏಕೆಂದರೆ ಆ ನಾಯಿಗಳೂ ಕಾಯುವುದು ಅದೇ ತೋಟವನ್ನು.