ಕಾರು ಏಕೆ ನಾರುತ್ತದೆ?

ಹಾಸನದ ಕಡೆ ಒಂದು ಹಳ್ಳಿ. ಅಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳ ಒಂದು ಸಂಸಾರ. ಗಂಡ ಕಾರು ಓಡಿಸುತ್ತಾನೆ. ಸಾಲ ಮಾಡಿ ಕೊಂಡ ಬಾಡಿಗೆ ಕಾರು. ಮದುವೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಎಂದು ಜನ ಕರೆಯುತ್ತಾರೆ. ತಿಂಗಳು ತಿಂಗಳೂ ಬ್ಯಾಂಕಿಗೆ ಕಂತು ಕಟ್ಟಬೇಕು. ಕಾರಿನ ಒಳಗೆಲ್ಲ ಗುಡಿಸಿ ಒರೆಸುವವಳು ಹೆಂಡತಿ.

ಒಂದು ದಿನ ಗೃಹಪ್ರವೇಶದ ಮನೆಗೆ ಕಾರಿನಲ್ಲಿ ಹಾಲು ಸಾಗಿಸಿದರು. ಕ್ಯಾನಿನ ಮುಚ್ಚಳ ಸಡಿಲವಾಗಿತ್ತು. ಹಿಂದಿನ ಸೀಟಿನ ಮೇಲೆ ಹಾಲು ಚೆಲ್ಲಿತು. ಮೇಲೆ ಮೇಲೆ ಒರೆಸಿದರು. ಸರಿಹೋಯಿತು ಅಂದುಕೊಂಡರು. ಮೂರನೆಯ ದಿನ ಬಾಗಿಲು ತೆಗೆದರೆ ಹುಳಿ ನಾತ. ಬಾಡಿಗೆಗೆ ಬಂದವರು ಮೂಗು ಮುಚ್ಚಿಕೊಂಡರು. "ಬೇರೆ ಗಾಡಿ ನೋಡ್ಕೋತೀವಿ ಬಿಡಿ" ಎಂದು ಹೊರಟುಹೋದರು. ಆ ವಾರ ಎರಡು ಬಾಡಿಗೆ ತಪ್ಪಿತು. ಕಂತಿನ ದಿನ ಹತ್ತಿರ ಬರುತ್ತಿತ್ತು.

ಗಂಡ ಊದುಬತ್ತಿ ಹಚ್ಚಿದ. ಪೇಟೆಯಿಂದ ಸೆಂಟಿನ ಡಬ್ಬಿ ತಂದಿಟ್ಟ. ಹುಳಿ ನಾತದ ಜೊತೆಗೆ ಮಲ್ಲಿಗೆ ವಾಸನೆಯೂ ಸೇರಿತು. ಒಳಗೆ ಕೂತರೆ ತಲೆನೋವು ಬರುವಂತಾಯಿತು. "ನೀನು ಸರಿಯಾಗಿ ಒರೆಸಿಲ್ಲ" ಎಂದು ಹೆಂಡತಿಯ ಮೇಲೆ ರೇಗಿದ.

ಸಂಘದ ಸಭೆಯಲ್ಲಿ ಅವಳು ಈ ವಿಷಯ ಹೇಳಿಕೊಂಡಳು. ಹಿರಿಯ ಅಕ್ಕ ಒಬ್ಬರು ನಗುತ್ತಾ ಕೇಳಿದರು:

"ಅಲ್ಲ ಕಣವ್ವಾ, ಹಾಲಿನ ಪಾತ್ರೆ ಹುಳಿ ನಾತ ಬಂದ್ರೆ ಏನ್ ಮಾಡ್ತೀಯ? ಊದುಬತ್ತಿ ಹಚ್ತೀಯಾ?"

"ಇಲ್ಲಕ್ಕ. ಉಜ್ಜಿ ತೊಳೀತೀನಿ. ಬಿಸಿಲಿಗೆ ಬೋರಲು ಹಾಕ್ತೀನಿ."

"ಮತ್ತೆ? ಕಾರಿಗೂ ಅಷ್ಟೇ ಅಲ್ವಾ?"

ಹೌದು, ಅಕ್ಕಂದಿರೇ. ಕಾರಿಗೂ ಅಷ್ಟೇ. ವಾಸನೆಯನ್ನು ಮುಚ್ಚಬಾರದು. ಅದರ ಮೂಲ ಹುಡುಕಿ ತೆಗೆಯಬೇಕು.

ನಾತ ಎಲ್ಲಿಂದ ಬರುತ್ತದೆ?

ಹಾಲಿನಲ್ಲಿ ಕೊಬ್ಬು, ಸಕ್ಕರೆ ಮತ್ತು ಸಸಾರಜನಕ ಇವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇವನ್ನು ತಿಂದು ಬೆಳೆಯುತ್ತವೆ. ಆಗ ಹುಳಿ ಹುಟ್ಟುತ್ತದೆ. ಹಾಲು ಮೊಸರಾಗುವುದೂ ಇಂಥ ಜೀವಿಗಳಿಂದಲೇ. ಆದರೆ ಸೀಟಿನಲ್ಲಿ ಚೆಲ್ಲಿದ ಹಾಲಿನಲ್ಲಿ ಕೊಳೆಸುವ ಜೀವಿಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ಅಷ್ಟು ಕೆಟ್ಟ ನಾತ.

ಪಾತ್ರೆಯಾದರೆ ಹಾಲು ಮೇಲೆಯೇ ಇರುತ್ತದೆ. ತೊಳೆದರೆ ಹೋಯಿತು. ಕಾರಿನ ಸೀಟಿನ ಒಳಗೆ ಸ್ಪಂಜು ಇದೆ. ಅದು ಹಾಲನ್ನು ಹೀರಿಕೊಳ್ಳುತ್ತದೆ. ಮೇಲೆ ಒರೆಸಿದರೆ ಒಳಗಿನದು ಹಾಗೇ ಉಳಿಯುತ್ತದೆ. ಮುಚ್ಚಿದ ಕಾರಿನಲ್ಲಿ ಗಾಳಿ ಆಡುವುದಿಲ್ಲ. ಬಿಸಿಲಿಗೆ ಒಳಗೆ ಕಾವು ಏರುತ್ತದೆ. ಕಾವು, ತೇವ, ತಿನ್ನಲು ಹಾಲು. ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು?

ಹಾಲು ಚೆಲ್ಲಿದರೆ ಏನು ಮಾಡಬೇಕು?

1. ಕೂಡಲೇ ಹಳೆಯ ಹತ್ತಿ ಬಟ್ಟೆ ಒತ್ತಿ ಹಾಲನ್ನು ಹೀರಿಸಿ. ಉಜ್ಜಬೇಡಿ. ಉಜ್ಜಿದರೆ ಹಾಲು ಒಳಗೆ ಇಳಿಯುತ್ತದೆ.

2. ತಣ್ಣೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ. ಬಟ್ಟೆ ಅದ್ದಿ, ಹಿಂಡಿ, ಒತ್ತಿ ಒತ್ತಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ. ಬಿಂದಿಗೆಯಿಂದ ನೀರು ಸುರಿಯಬೇಡಿ. ಈಗಿನ ಕಾರುಗಳ ಸೀಟಿನ ಕೆಳಗೆ ವಿದ್ಯುತ್ ತಂತಿಗಳು ಇರುತ್ತವೆ.

3. ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ. ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಹಾಲಿನ ನಾತ ಹುಳಿಯದು. ಸೋಡಾ ಹುಳಿಯನ್ನು ಮುರಿಯುತ್ತದೆ. ಆದರೆ ಬಟ್ಟೆ ಒಗೆಯುವ ಸೋಡಾ ಬೇಡ. ಅದು ಖಾರ. ಕೈ ಸುಡುತ್ತದೆ, ಸೀಟಿನ ಬಣ್ಣವೂ ಹೋಗಬಹುದು.

4. ಎಲ್ಲ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ. ಸ್ಪಂಜು ಪೂರ್ತಿ ಒಣಗಬೇಕು.

ಹಳೆಯ ನಾತ ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡು, ಮೂರು ಸಲ ಮಾಡಬೇಕಾಗುತ್ತದೆ.

ಬೇರೆ ನಾತಗಳು

ವಾಂತಿ: ಶಿರಾಡಿ ಘಾಟಿಯಂಥ ತಿರುವು ದಾರಿಯಲ್ಲಿ ಮಕ್ಕಳಿಗೆ ವಾಂತಿ ಆಗುವುದುಂಟು. ಮಕ್ಕಳನ್ನು ಬೈಯಬೇಡಿ. ಕಾರು ನಿಲ್ಲಿಸಿ, ಬಾಯಿ ತೊಳೆಸಿ, ಗಾಳಿಗೆ ಕೂರಿಸಿ. ವಾಂತಿಯ ಮೇಲೆ ಒಣ ಮಣ್ಣು ಅಥವಾ ಹಳೆಯ ಪತ್ರಿಕೆ ಹಾಕಿ ಹೀರಿಸಿ ತೆಗೆಯಿರಿ. ಮನೆಗೆ ಬಂದ ಮೇಲೆ ಹಾಲಿಗೆ ಹೇಳಿದ ಹಾಗೇ ಸೋಪು, ಸೋಡಾ, ಬಿಸಿಲು. ನಂತರ ಸೋಪು ಹಚ್ಚಿ ಕೈ ತೊಳೆಯಿರಿ. ಮುಂದಿನ ಪ್ರಯಾಣಕ್ಕೆ ಒಂದೆರಡು ಚೀಲ ಜೊತೆಗಿರಲಿ.

ಮುಗ್ಗಲು ವಾಸನೆ: ಇದು ಮಳೆಗಾಲದ ಕಾಟ. ಕಾಲಡಿಯ ಚಾಪೆ ಎತ್ತಿ ನೋಡಿ. ಕೆಳಗೆ ನೀರು ನಿಂತಿರಬಹುದು, ಬೂಷ್ಟು ಹಿಡಿದಿರಬಹುದು. ಚಾಪೆ ತೆಗೆದು ಒಣಗಿಸಿ. ಮತ್ತೆ ಮತ್ತೆ ನೀರು ಬರುತ್ತಿದ್ದರೆ ಬಾಗಿಲಿನ ರಬ್ಬರು ಹರಿದಿದೆಯೇ ನೋಡಿಸಿ.

ಏಸಿ ಹಾಕಿದ ಕೂಡಲೇ ಬರುವ ವಾಸನೆ: ಏಸಿಯ ಒಳಗೆ ತಣ್ಣಗಿನ ಕೊಳವೆಗಳಿವೆ. ಅವುಗಳ ಮೇಲೆ ನೀರು ಕೂರುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಊರು ಸೇರಲು ಐದು ನಿಮಿಷ ಇರುವಾಗ ಏಸಿ ನಿಲ್ಲಿಸಿ, ಫ್ಯಾನು ಮಾತ್ರ ಓಡಲಿ. ಕೊಳವೆ ಒಣಗುತ್ತದೆ. ಅಲ್ಲಿ ಗಾಳಿ ಸೋಸುವ ಜಾಲರಿಯೂ ಇರುತ್ತದೆ. ಅದು ಕೊಳೆಯಾದರೆ ಬದಲಾಯಿಸಬೇಕು.

ಸತ್ತ ಇಲಿ: ನಿಲ್ಲಿಸಿದ ಕಾರಿನಲ್ಲಿ ಇಲಿ ಗೂಡು ಕಟ್ಟುತ್ತದೆ. ತಂತಿ ಕಡಿಯುತ್ತದೆ. ಕೆಲವು ಸಲ ಅಲ್ಲೇ ಸಾಯುತ್ತದೆ. ಇಲಿಯ ಮೂತ್ರದಿಂದ ಇಲಿ ಜ್ವರ ಬರಬಹುದು. ಅದಕ್ಕೆ ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸತ್ತ ಇಲಿಯನ್ನು ಆಳವಾಗಿ ಹೂಳಿ. ಆ ಜಾಗವನ್ನು ಒಣಗಿದ್ದಂತೆಯೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಕಾರಿನಲ್ಲಿ ತಿಂಡಿ ಚೂರು ಬಿಡದಿದ್ದರೆ ಇಲಿಯ ಕಾಟ ಕಡಿಮೆ.

ಬೀಡಿ, ಸಿಗರೇಟು: ಹೊಗೆಯ ಜಿಡ್ಡು ಸೀಟಿಗೆ, ಚಾವಣಿಯ ಬಟ್ಟೆಗೆ ಅಂಟುತ್ತದೆ. ತೆಗೆಯುವುದು ಬಲು ಕಷ್ಟ. ಸೇದದೆ ಇರುವುದೇ ಮದ್ದು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಬೀಡಿ, ಸಿಗರೇಟು ಸೇದುವುದನ್ನು ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಬಾಡಿಗೆಗೆ ಓಡುವ ವಾಹನವೂ ಇದರಲ್ಲಿ ಸೇರಿದೆ. "ಕಾರಲ್ಲಿ ಸೇದಬೇಡಿ ಅಣ್ಣಾ" ಎಂದು ಹೇಳಲು ಹೆದರಬೇಡಿ.

ಎಚ್ಚರಿಸುವ ವಾಸನೆ

ಕೆಲವು ವಾಸನೆಗಳು ಕೊಳೆಯಿಂದ ಬಂದವಲ್ಲ. ಅವು ಅಪಾಯದ ಗಂಟೆ.

ಪೆಟ್ರೋಲ್ ವಾಸನೆ ಬಂದರೆ ಕಾರು ನಿಲ್ಲಿಸಿ ಎಲ್ಲರೂ ಇಳಿಯಿರಿ. ಬೆಂಕಿಕಡ್ಡಿ ಗೀರಬೇಡಿ. ತಂತಿ ಸುಟ್ಟ ವಾಸನೆ ಬಂದರೂ ಹಾಗೇ ಮಾಡಿ. ಕೆಲವು ಕಾರು ಗ್ಯಾಸಿನಿಂದ ಓಡುತ್ತವೆ. ಗ್ಯಾಸು ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಕೆಟ್ಟ ವಾಸನೆ ಸೇರಿಸಿರುತ್ತಾರೆ. ನಿಮ್ಮ ಅಡಿಗೆ ಮನೆಯ ಸಿಲಿಂಡರಿನಲ್ಲೂ ಹಾಗೇ. ಕಾರಿನಲ್ಲಿ ಊದುಬತ್ತಿ ಹಚ್ಚಬಾರದು ಎನ್ನುವುದು ಇದಕ್ಕೇ. ಒಂದು ಕಡೆ ಅದು ಎಚ್ಚರಿಕೆಯ ವಾಸನೆಯನ್ನು ಮುಚ್ಚುತ್ತದೆ. ಇನ್ನೊಂದು ಕಡೆ ಅದೇ ಬೆಂಕಿ.

ಇನ್ನೊಂದು ಮಾತು. ಎಂಜಿನ್ನಿನ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಗೊತ್ತಾಗದಂತೆಯೇ ಜೀವ ತೆಗೆಯುತ್ತದೆ. ಎಂಜಿನ್ ಓಡುತ್ತಿರುವಾಗ ಗಾಜು ಏರಿಸಿಕೊಂಡು ಕಾರಿನಲ್ಲಿ ಯಾರೂ ಮಲಗಬಾರದು.

ಕಾರು ತೊಳೆಯುವಾಗ ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಬೇಡಿ. ಬೆರೆಸಿದರೆ ವಿಷದ ಗಾಳಿ ಏಳುತ್ತದೆ.

ಆ ಕಾರು ಏನಾಯಿತು?

ಅವಳು ಅಂಗಡಿಯಿಂದ ಅಡಿಗೆ ಸೋಡಾ ತಂದಳು. ಸೀಟನ್ನು ಸೋಪಿನ ಬಟ್ಟೆಯಲ್ಲಿ ಒತ್ತಿ ಒರೆಸಿದಳು. ಒಣಗಿದ ಮೇಲೆ ಸೋಡಾ ಉದುರಿಸಿದಳು. ಮೊದಲ ಸಲ ನಾತ ಅರ್ಧ ಹೋಯಿತು. ಎರಡನೆಯ ಸಲಕ್ಕೆ ಗಂಡನೂ ಬಂದು ಬಟ್ಟೆ ಹಿಡಿದ. ನಾಲ್ಕು ಬಾಗಿಲೂ ತೆರೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿದರು. ನಾತ ಹೋಯಿತು.

ಮುಂದಿನ ವಾರ ಒಂದು ಸಂಸಾರ ಧರ್ಮಸ್ಥಳಕ್ಕೆ ಕಾರು ಕೇಳಿಕೊಂಡು ಬಂತು. ಒಳಗೆ ಕೂತ ಅಜ್ಜಿ, "ಕಾರು ಚೊಕ್ಕವಾಗಿ ಇಟ್ಟಿದೀರ ಕಣಪ್ಪ" ಎಂದರು.

"ನನ್ನ ಹೆಂಡ್ತಿ ಕೆಲ್ಸ ಅಜ್ಜಿ" ಎಂದ ಗಂಡ.

ಬಾಗಿಲಲ್ಲಿ ನಿಂತಿದ್ದ ಅವಳಿಗೆ ಅದು ಕೇಳಿಸಿತು.

ನೆನಪಿಡಿ

ನಾತವನ್ನು ಮುಚ್ಚಬೇಡಿ, ಮೂಲ ತೆಗೆಯಿರಿ.
ಒರೆಸಿದರೆ ಸಾಲದು, ಒಣಗಿಸಬೇಕು.
ಪೆಟ್ರೋಲ್, ಗ್ಯಾಸ್, ಸುಟ್ಟ ವಾಸನೆ ಬಂದರೆ ಕಾರು ನಿಲ್ಲಿಸಿ ಇಳಿಯಿರಿ.

ಉತ್ತರ ಹೇಳಿ

1. ಸೀಟಿನ ಮೇಲೆ ಚೆಲ್ಲಿದ ಹಾಲನ್ನು ಏಕೆ ಉಜ್ಜಬಾರದು?
2. ಅಡಿಗೆ ಸೋಡಾ ಏನು ಮಾಡುತ್ತದೆ?
3. ವಾಸನೆಯೇ ಇಲ್ಲದ ವಿಷಗಾಳಿ ಯಾವುದು?
4. ನಿಮ್ಮ ಮನೆಯಲ್ಲಿ ನಾತ ಬರುವ ಜಾಗ ಇದೆಯೇ? ಅದರ ಮೂಲ ಏನು? ಹುಡುಕಿ ಬರೆಯಿರಿ.