ರಾಕಿಗೆ ಯಾರೂ ವಿಷ ಹಾಕಿರಲಿಲ್ಲ

ರಾತ್ರಿ ಹತ್ತು ದಾಟಿತ್ತು. ಹೊಗೆಸೊಪ್ಪಿನ ಬ್ಯಾರನ್ ಮುಂದೆ ಬೆಂಕಿ ನೋಡಿಕೊಳ್ಳುತ್ತಾ ಪಿಡಿಒ ಪರೀಕ್ಷೆಗೆ ಓದುತ್ತಿದ್ದೆ. ನಮ್ಮ ರಾಕಿ ಒಂದೇ ಸಮನೆ ಓಕರಿಸುತ್ತಿತ್ತು. ಜರ್ಮನ್ ಶೆಫರ್ಡ್ ಮಿಶ್ರ ತಳಿ ಅದು. ಬಾಯಿಂದ ನೊರೆ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಸಂಜೆ ನೆಂಟರ ಮನೆಯ ಬಾಡೂಟದಲ್ಲಿ ಉಳಿದ ಮುದ್ದೆ, ಮೂಳೆಯನ್ನೆಲ್ಲ ಒಂದೇ ಉಸಿರಿಗೆ ತಿಂದು, ತೋಟದ ತುಂಬ ಓಡಾಡಿ ಬಂದಿತ್ತು.

‘ಯಾರೋ ಔಸ್ದಿ ಹಾಕ್ಬುಟ್ಟವ್ರೆ’ ಎಂದರು ಅಪ್ಪ. ಅಜ್ಜಿ ಉಪ್ಪುನೀರು ಕಲಸಲು ಒಳಗೆ ಹೋದರು. ಮೂರು ವರ್ಷದ ಹಿಂದೆ ಕರಿಯ ಸತ್ತಾಗಲೂ ಇದೇ ಮಾತು ಬಂದಿತ್ತು. ಪಕ್ಕದ ಮನೆಯವರೇ ವಿಷ ಇಟ್ಟರೆಂದು ಜಗಳವಾಗಿ, ಅವತ್ತಿನಿಂದ ಎರಡೂ ಮನೆಗಳ ನಡುವೆ ಮಾತಿಲ್ಲ.

ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಎರಡೇ ಪ್ರಶ್ನೆ ಕೇಳಿದರು: ವಾಂತಿ ಬರುತ್ತಿದೆಯಾ, ಹೊಟ್ಟೆ ಊದಿದೆಯಾ? ‘ಏನೂ ಕುಡಿಸಬೇಡಿ. ಹೊಟ್ಟೆ ತಿರುಚಿಕೊಂಡಿರಬೇಕು. ಈಗಲೇ ಮೈಸೂರಿಗೆ ಹೊರಡಿ’ ಎಂದರು.

ಪಿರಿಯಾಪಟ್ಟಣದ ಆಚೆಯ ನಮ್ಮ ಊರಿನಿಂದ ಹುಣಸೂರು ದಾಟಿ ಮೈಸೂರು ಸೇರಲು ಗೂಡ್ಸ್ ಆಟೊದಲ್ಲಿ ಎರಡು ಗಂಟೆ ಬೇಕಾಯಿತು. ಕೆ.ಆರ್. ನಗರದವರಿಗೆ ಇದಕ್ಕಿಂತ ಬೇಗ ಆಗಬಹುದು, ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳವರಿಗೆ ಇಷ್ಟೇ ಕಷ್ಟ. ದನಕರುಗಳಿಗೆ 1962ಕ್ಕೆ ಕರೆ ಮಾಡಿದರೆ ಮನೆ ಬಾಗಿಲಿಗೇ ವಾಹನ ಬರುತ್ತದೆ. ಆದರೆ ನಡುರಾತ್ರಿ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ಯುವುದು ವಾಹನದಲ್ಲಿ ಆಗುವ ಕೆಲಸವಲ್ಲ.

ಎಕ್ಸ್‌ರೇ ತೋರಿಸಿ ಅಲ್ಲಿನ ವೈದ್ಯರು ವಿವರಿಸಿದರು. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರಕ್ಕೆ ಗಾಳಿ ತುಂಬಿ, ಅದು ಬಟ್ಟೆ ಹಿಂಡಿದಂತೆ ತಿರುಗಿಬಿಡುತ್ತದಂತೆ. ಆಗ ಎರಡೂ ಬಾಯಿ ಮುಚ್ಚಿಹೋಗುತ್ತವೆ. ಒಳಗಿನ ಗಾಳಿ ಹೊರಬರುವುದಿಲ್ಲ, ಹೃದಯಕ್ಕೆ ಮರಳುವ ರಕ್ತವೂ ತಡೆಯುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್ ತಳಿಗಳಲ್ಲಿ ಇದು ಹೆಚ್ಚು. ಸಣ್ಣ ಕರುಳೇ ಬುಡದಿಂದ ತಿರುಚಿಕೊಳ್ಳುವುದೂ ಉಂಟು. ಅದು ಅಪರೂಪ, ಆದರೆ ಉಳಿಯುವ ನಾಯಿಗಳು ತೀರಾ ಕಡಿಮೆ. ಮರಿಗಳಲ್ಲಿ ಪಾರ್ವೊ ಭೇದಿ, ಜಂತುಹುಳದ ಕಾಟದಿಂದ ಕರುಳೊಳಗೆ ಕರುಳು ತೂರಿಕೊಳ್ಳುವುದು ಇನ್ನೊಂದು ಬಗೆ. ಆಗ ಕೆಟ್ಟುಹೋದ ತುಂಡನ್ನು ಕತ್ತರಿಸಿ, ಎರಡು ತುದಿ ಸೇರಿಸಿ ಹೊಲಿಯುತ್ತಾರೆ.

‘ಆಪರೇಷನ್ ಮಾಡಿದರೂ ಗ್ಯಾರಂಟಿ ಇಲ್ಲ. ಮಾಡದಿದ್ದರೆ ಬೆಳಿಗ್ಗೆವರೆಗೂ ಇರಲ್ಲ’ ಎಂದರು. ಕೋಚಿಂಗ್‌ಗೆಂದು ಕೂಡಿಟ್ಟ ದುಡ್ಡು ನನ್ನ ಫೋನಿನಲ್ಲಿತ್ತು. ಅಪ್ಪನ ಮುಖ ನೋಡಿದೆ. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಕಟ್ಟಿದೆ.

ಮೊದಲು ಸೂಜಿ ಚುಚ್ಚಿ ಗಾಳಿ ತೆಗೆದರು. ಬುಸ್ ಎಂದು ಬಂದ ಆ ಸದ್ದು, ವಾಸನೆ ಇನ್ನೂ ನೆನಪಿದೆ. ಡ್ರಿಪ್ ಹಾಕಿ ಸ್ವಲ್ಪ ಸುಧಾರಿಸಿದ ಮೇಲೆ ಹೊಟ್ಟೆ ತೆರೆದರು. ಜಠರವನ್ನು ಹಿಂದಕ್ಕೆ ತಿರುಗಿಸಿ, ಯಾವ ಭಾಗವೂ ಕಪ್ಪಾಗಿಲ್ಲವೆಂದು ನೋಡಿ, ಬಲಗಡೆಯ ಹೊಟ್ಟೆ ಗೋಡೆಗೆ ಸೇರಿಸಿ ಹೊಲಿದರು. ಈ ಹೊಲಿಗೆ ಮುಖ್ಯ. ಹಾಕದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಮತ್ತೆ ತಿರುಚಿಕೊಳ್ಳುತ್ತದೆ. ಆಮೇಲಿನ ಎರಡು ದಿನ ಹೃದಯದ ಬಡಿತ ಏರುಪೇರಾಗುವ ಭಯವಿರುತ್ತದೆ. ಹಾಗಾಗಿ ಅಲ್ಲೇ ಬೆಂಚಿನ ಮೇಲೆ ಮಲಗಿದೆವು. ಮೂರನೇ ದಿನ ರಾಕಿ ಬಾಲ ಆಡಿಸಿತು.

ಈಗ ಅದಕ್ಕೆ ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಊಟ. ತಿಂದ ಮೇಲೆ ಒಂದು ಗಂಟೆ ಕಟ್ಟಿಹಾಕುತ್ತೇವೆ. ಮುದ್ದೆಯನ್ನು ಅಪ್ಪನೇ ಸಣ್ಣಗೆ ಮುರಿದು ಹಾಕುತ್ತಾರೆ. ಕೋಚಿಂಗ್ ಈ ವರ್ಷ ಇಲ್ಲ, ಲೈಬ್ರರಿಯಲ್ಲಿ ಕೂತು ಓದುತ್ತಿದ್ದೇನೆ.

ಕರಿಯನಿಗೂ ಆಗ ಇದೇ ನೊರೆ, ಇದೇ ಊದಿದ ಹೊಟ್ಟೆ. ನಾವು ಉಪ್ಪುನೀರು ಹುಯ್ದಿದ್ದೆವು. ಅದನ್ನು ಅಪ್ಪನಿಗೆ ನೆನಪಿಸಿದೆ, ಏನೂ ಮಾತಾಡಲಿಲ್ಲ. ಮೊನ್ನೆ ಪಕ್ಕದ ಮನೆಯ ಜಗಲಿ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಒಳಗೆ ಹೋಗದೆ ವಾಪಸ್ ಬಂದರು.